ಜೆನ್ನಿಯನ್ನು ಯಾರೂ ಕೇಳಲಿಲ್ಲ

ಮಕ್ಕಳು ಇಂಗ್ಲಿಷ್ ಕಾದಂಬರಿ ಹಿಡಿದು ಕುಳಿತರೆ ನಮ್ಮ ಹೆತ್ತವರಿಗೆ ಎಲ್ಲಿಲ್ಲದ ಸಂತೋಷ. ಟಿವಿ ನೋಡುವುದಕ್ಕಿಂತ, ಮೊಬೈಲ್ ತಿಕ್ಕುವುದಕ್ಕಿಂತ ಮೇಲು, ಭಾಷೆಯಾದರೂ ಸುಧಾರಿಸುತ್ತದೆ ಎಂಬ ಸಮಾಧಾನ. ಆ ಪುಸ್ತಕದ ಒಳಗೆ ಏನಿದೆಯೆಂದು ಬಿಡಿಸಿ ನೋಡುವವರು ಕಡಿಮೆ. ನೋಡಿದವರೂ ಹುಡುಕುವುದು ಒಂದೇ ಒಂದು ಸಂಗತಿಯನ್ನು: ಅಶ್ಲೀಲವಿದೆಯೇ, ಇಲ್ಲವೇ? ಇದ್ದರೆ ಕಸಿದುಕೊಳ್ಳುವುದು, ಇಲ್ಲದಿದ್ದರೆ ಮರಳಿ ಕೊಡುವುದು. ಅಲ್ಲಿಗೆ ಕರ್ತವ್ಯ ಮುಗಿಯಿತು.

ಈ ಅಳತೆಗೋಲು ಎಷ್ಟು ಮೊಂಡು ಎಂದು ತಿಳಿಯಬೇಕಾದರೆ ‘ಗಾಸಿಪ್ ಗರ್ಲ್’ ಎಂಬ ಕಾದಂಬರಿಯನ್ನು ಓದಬೇಕು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಪುಸ್ತಕದ ಲೇಖಕಿ ಸೆಸಿಲಿ ವಾನ್ ಝೀಗೆಸರ್. ಒಂದು ಪುಸ್ತಕವಾಗಿ ಹುಟ್ಟಿದ್ದು ದೊಡ್ಡ ಸರಣಿಯಾಗಿ ಬೆಳೆಯಿತು, 2007ರಿಂದ 2012ರವರೆಗೆ ಟಿವಿ ಧಾರಾವಾಹಿಯಾಗಿ ಓಡಿತು, 2021ರಲ್ಲಿ ಹೊಸ ವೇಷದಲ್ಲಿ ಮತ್ತೆ ಬಂದು 2023ರಲ್ಲಿ ನಿಂತಿತು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನ ಪೂರ್ವಕ್ಕಿರುವ ಅಪ್ಪರ್ ಈಸ್ಟ್ ಸೈಡ್ ಎಂಬ ಶ್ರೀಮಂತರ ಬಡಾವಣೆ ಇದರ ರಂಗಸ್ಥಳ. ಕಾನ್‌ಸ್ಟನ್ಸ್ ಬಿಲ್ಲಾರ್ಡ್ ಎಂಬ ಕಲ್ಪಿತ ಹೆಣ್ಣುಮಕ್ಕಳ ಶಾಲೆ ಅದರ ಕೇಂದ್ರ. ಲೇಖಕಿ ಸ್ವತಃ ಅದೇ ಪ್ರದೇಶದ ನೈಟಿಂಗೇಲ್-ಬ್ಯಾಮ್‌ಫರ್ಡ್ ಎಂಬ ಖಾಸಗಿ ಶಾಲೆಯಲ್ಲಿ ಓದಿದವರು. ಆದ್ದರಿಂದ ಆ ಲೋಕದ ಒಳಹೊರಗು ಅವರಿಗೆ ಚೆನ್ನಾಗಿ ಗೊತ್ತು. ಆ ಮಟ್ಟಿಗೆ ಪುಸ್ತಕದಲ್ಲಿ ಸುಳ್ಳಿಲ್ಲ.

ಕಥೆ ಸರಳ. ಬ್ಲೇರ್ ವಾಲ್ಡಾರ್ಫ್ ಶಾಲೆಯ ಅನಭಿಷಿಕ್ತ ರಾಣಿ. ಆಕೆಯ ಬಾಲ್ಯದ ಗೆಳತಿ ಸೆರೀನಾ ವಾನ್ ಡರ್ ವುಡ್ಸನ್ ಚೆಲುವೆ, ಬ್ಲೇರ್‌ಗಿಂತಲೂ ಶ್ರೀಮಂತೆ. ದೂರದ ಬೋರ್ಡಿಂಗ್ ಶಾಲೆಗೆ ಹೋಗಿದ್ದ ಸೆರೀನಾ ಅಲ್ಲಿಂದ ಹೊರಹಾಕಲ್ಪಟ್ಟು ಊರಿಗೆ ಮರಳುತ್ತಾಳೆ. ಬ್ಲೇರ್ ತನ್ನವನೆಂದು ನಂಬಿದ ಹುಡುಗ ನೇಟ್. ಅವನಿಗೂ ಸೆರೀನಾಳಿಗೂ ನಡುವೆ ಹಿಂದೊಮ್ಮೆ ನಡೆದದ್ದನ್ನು ಇಬ್ಬರೂ ಬ್ಲೇರ್‌ಗೆ ಮುಚ್ಚಿಟ್ಟಿದ್ದಾರೆ. ಈ ಗುಟ್ಟು ಹೊರಬಂದಾಗ ಬ್ಲೇರ್‌ಗಾಗುವ ನೋವು, ಆಕೆ ತೀರಿಸಿಕೊಳ್ಳುವ ಸೇಡು, ಇದಿಷ್ಟೇ ಕಾದಂಬರಿಯ ಬೆನ್ನೆಲುಬು. ಇವೆಲ್ಲದರ ಮೇಲೆ ಕಣ್ಣಿಟ್ಟು, ಯಾರು ಯಾರೊಂದಿಗೆ ಎಲ್ಲಿ ಕಂಡರು ಎಂದು ಊರಿಗೆಲ್ಲ ಸಾರುವ ಹೆಸರಿಲ್ಲದ ಒಬ್ಬಳಿದ್ದಾಳೆ. ಆಕೆಯೇ ಗಾಸಿಪ್ ಗರ್ಲ್.

ಹದಿಹರೆಯದ ಹುಡುಗಿಯರ ಜನಪ್ರಿಯತೆ ಎಂಬುದು ಎಂಥ ಕ್ರೂರ ವ್ಯವಸ್ಥೆ ಎಂಬುದನ್ನು ಪುಸ್ತಕದ ಮೊದಲ ಭಾಗ ಬಹಳ ಚೆನ್ನಾಗಿ ತೋರಿಸುತ್ತದೆ. ಸೆರೀನಾಳ ಬಗ್ಗೆ ಶಾಲೆಯಲ್ಲಿ ಹಬ್ಬುವ ಸುದ್ದಿಗಳಿಗೆ ಲೆಕ್ಕವಿಲ್ಲ. ಫ್ರಾನ್ಸಿನಲ್ಲಿ ಮಗು ಹೆತ್ತಿದ್ದಾಳಂತೆ, ಮಾದಕ ವಸ್ತು ಮಾರುತ್ತಾಳಂತೆ. ನಿಜವಾದ ಕಾರಣವೋ ಬಹಳ ನೀರಸ: ರಜೆಗೆ ಯುರೋಪಿಗೆ ಹೋದವಳು ಶಾಲೆ ತೆರೆದ ಮೇಲೂ ಮರಳಲಿಲ್ಲ, ಶಾಲೆಯವರು ಹೊರಗೆ ಹಾಕಿದರು. ‘ಏನಾಯಿತು?’ ಎಂದು ಆಕೆಯನ್ನೇ ನೇರವಾಗಿ ಕೇಳಿದ್ದರೆ ಎಲ್ಲವೂ ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು. ಯಾರೂ ಕೇಳುವುದಿಲ್ಲ. ಕೇಳಿದರೆ ಆಟ ಕೆಡುತ್ತದಲ್ಲ! ಊಟದ ಮೇಜಿನಲ್ಲಿ ಪಕ್ಕದ ಕುರ್ಚಿ ಖಾಲಿ ಬಿಡುವುದು, ಸಮಾರಂಭಕ್ಕೆ ಕರೆಯದಿರುವುದು, ಕಂಡರೂ ಕಾಣದಂತೆ ನಡೆಯುವುದು – ಕೈ ಎತ್ತದೆ ಹೊಡೆಯುವ ಈ ವಿದ್ಯೆಯನ್ನು ಶಾಲೆಗೆ ಹೋದ ಯಾವ ಹೆಣ್ಣುಮಗಳೂ ಗುರುತಿಸಬಲ್ಲಳು. ಇದಕ್ಕಾಗಿ ಲೇಖಕಿಯನ್ನು ಮೆಚ್ಚಲೇಬೇಕು.

ನಮ್ಮ ತಕರಾರು ಇರುವುದು ಇನ್ನೊಬ್ಬಳು ಹುಡುಗಿಯ ವಿಷಯದಲ್ಲಿ. ಆಕೆಯ ಹೆಸರು ಜೆನ್ನಿ ಹಂಫ್ರಿ. ವಯಸ್ಸು ಹದಿನಾಲ್ಕು, ಒಂಬತ್ತನೇ ತರಗತಿ. ಪಾರ್ಕಿನ ಇನ್ನೊಂದು ಬದಿಯಲ್ಲಿ ತಂದೆ ಮತ್ತು ಅಣ್ಣ ಡ್ಯಾನ್ ಜೊತೆ ವಾಸ. ಇವರು ನಮ್ಮ ಅರ್ಥದ ಬಡವರೇನೂ ಅಲ್ಲ, ಆದರೆ ಆ ಶಾಲೆಯ ತಕ್ಕಡಿಯಲ್ಲಿ ತೂಗಿದರೆ ಕೂಲಿಕಾರರಿದ್ದಂತೆ. ಜೆನ್ನಿಗೆ ದೊಡ್ಡ ಹುಡುಗಿಯರ ಗುಂಪಿಗೆ ಸೇರುವ ಹಂಬಲ. ಆಕೆಯ ಬಳಿ ಹಣವಿಲ್ಲ, ಮನೆತನದ ಹೆಸರಿಲ್ಲ. ಇರುವುದೊಂದೇ: ಮುತ್ತು ಪೋಣಿಸಿದಂಥ ಕೈಬರಹ. ಬ್ಲೇರ್ ಮತ್ತವಳ ಸಂಗಡಿಗರು ದೊಡ್ಡದೊಂದು ಸಮಾರಂಭ ಏರ್ಪಡಿಸುತ್ತಾರೆ. ಉದ್ದೇಶ, ಸೆಂಟ್ರಲ್ ಪಾರ್ಕಿನ ಗಿಡುಗಗಳ ರಕ್ಷಣೆಗೆ ನಿಧಿ ಸಂಗ್ರಹ. (ಗಿಡುಗಗಳ ಬಗ್ಗೆ ಅವರಲ್ಲಿ ಯಾರಿಗೂ ಕಿಂಚಿತ್ತೂ ಕಾಳಜಿಯಿಲ್ಲ ಎಂಬುದು ಲೇಖಕಿಯ ಒಳ್ಳೆಯ ಚೇಷ್ಟೆ. ನಮ್ಮೂರಿನ ಕೆಲವು ಸೇವಾ ಸಂಘಗಳ ಔತಣಕೂಟಗಳು ನೆನಪಾದರೆ ಅದು ನಮ್ಮ ತಪ್ಪಲ್ಲ.) ಆ ಸಮಾರಂಭದ ಆಹ್ವಾನಪತ್ರಗಳನ್ನು ಕೈಯಾರೆ ಬರೆದುಕೊಟ್ಟವಳು ಜೆನ್ನಿ. ಅದಕ್ಕೆ ಸಿಕ್ಕ ಕೂಲಿ, ಒಳಗೆ ಹೋಗುವ ಅವಕಾಶ.

ಒಳಗೆ ಹೋದವಳಿಗೆ ಅಲ್ಲಿ ಸಿಗುವವನು ಚಕ್ ಬಾಸ್. ನೇಟ್‌ನ ಗೆಳೆಯ, ಬ್ಲೇರ್‌ಳ ಪರಿವಾರದವನು. ದೊಡ್ಡವರೊಬ್ಬರು ತನ್ನನ್ನು ಮಾತನಾಡಿಸಿದರೆಂದು ಹಿಗ್ಗಿದ ಹದಿನಾಲ್ಕರ ಬಾಲೆಯನ್ನು ಅವನು ಶೌಚಾಲಯಕ್ಕೆ ಕರೆದೊಯ್ದು ಬಲಾತ್ಕಾರಕ್ಕೆ ಮುಂದಾಗುತ್ತಾನೆ. ಡ್ಯಾನ್ ಮತ್ತು ಸೆರೀನಾ ಬಂದು ಆಕೆಯನ್ನು ಬಿಡಿಸುತ್ತಾರೆ. ಆಮೇಲೆ? ಆಮೇಲೆ ಏನೂ ಇಲ್ಲ. ಶಾಲೆಗೆ ದೂರು ಹೋಗುವುದಿಲ್ಲ, ಪೊಲೀಸರು ಬರುವುದಿಲ್ಲ, ಚಕ್‌ನ ಹೆತ್ತವರ ಮನೆ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಅವನ ಗೆಳೆಯರು ಅವನ ಜೊತೆ ಊಟಕ್ಕೆ ಕೂರುವುದನ್ನೂ ನಿಲ್ಲಿಸುವುದಿಲ್ಲ. ಪುಸ್ತಕ ಮುಚ್ಚುವ ಓದುಗನ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ, ಬ್ಲೇರ್ ಸೆರೀನಾಳನ್ನು ಕ್ಷಮಿಸುತ್ತಾಳೆಯೇ, ನೇಟ್ ಯಾರ ಪಾಲಾಗುತ್ತಾನೆ ಎಂಬುದು.

ಇಲ್ಲಿಯೇ ಎರಡು ಲೆಕ್ಕದ ಪುಸ್ತಕಗಳಿರುವುದನ್ನು ಗಮನಿಸಬೇಕು. ಗೆಳತಿಯ ಹುಡುಗನನ್ನು ಕದ್ದದ್ದು ಮಹಾಪರಾಧ, ಅದಕ್ಕೆ ಸಾಮಾಜಿಕ ಬಹಿಷ್ಕಾರದಂಥ ಶಿಕ್ಷೆ. ಮಗುವಿನಂಥ ಹುಡುಗಿಯ ಮೇಲೆ ಕೈ ಹಾಕಿದ್ದು ಒಂದು ರಾತ್ರಿಯ ಗಲಾಟೆ, ಅದಕ್ಕೆ ಶಿಕ್ಷೆಯೇ ಇಲ್ಲ. ಮೊದಲನೆಯದು ಸರೀಕರ ನಡುವೆ ನಡೆದದ್ದು, ಎರಡನೆಯದು ಮೇಲಿನವನು ಕೆಳಗಿನವಳಿಗೆ ಮಾಡಿದ್ದು. ದ್ರೋಹ ಎಂಬ ಪದ ಆ ಲೋಕದಲ್ಲಿ ಸರೀಕರಿಗೆ ಮಾತ್ರ ಅನ್ವಯಿಸುತ್ತದೆ. ಸಿರಿವಂತಿಕೆಯ ನಿಜವಾದ ಸವಲತ್ತು ಕಾರು, ಬಂಗಲೆ, ಬ್ರಾಂಡ್ ಬಟ್ಟೆಗಳಲ್ಲ. ಯಾರಿಗೆ ಮಾಡಿದ ಅನ್ಯಾಯವನ್ನು ಅನ್ಯಾಯವೆಂದು ಕರೆಯಬೇಕು ಎಂದು ತೀರ್ಮಾನಿಸುವ ಅಧಿಕಾರ. ಪುಸ್ತಕ ಈ ಅಧಿಕಾರವನ್ನು ಪ್ರಶ್ನಿಸುವುದಿಲ್ಲ. ಅದರ ಕಣ್ಣಿನಿಂದಲೇ ನೋಡಲು ಓದುವ ಹುಡುಗಿಗೆ ಕಲಿಸುತ್ತದೆ. ಆ ಓದುಗಳು ಸ್ವತಃ ಜೆನ್ನಿಯ ಸ್ಥಿತಿಯವಳೇ ಆಗಿದ್ದರೂ, ಓದುವಷ್ಟು ಹೊತ್ತು ಬ್ಲೇರ್‌ಳ ಕುರ್ಚಿಯಲ್ಲಿ ಕುಳಿತಿರುತ್ತಾಳೆ.

ಸರಣಿ ಮುಂದುವರಿದಂತೆ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಬೋರ್ಡಿಂಗ್ ಶಾಲೆಯಿಂದ ಹೊರಬಿದ್ದ ಸೆರೀನಾಳನ್ನು ಕಾನ್‌ಸ್ಟನ್ಸ್ ಬಿಲ್ಲಾರ್ಡ್ ಮರಳಿ ಸೇರಿಸಿಕೊಂಡಿತು. ಅದೇ ಕಾನ್‌ಸ್ಟನ್ಸ್ ಬಿಲ್ಲಾರ್ಡನ್ನು ಜೆನ್ನಿ ಬಿಡಬೇಕಾಗಿ ಬರುತ್ತದೆ. ಆಕೆ ಬೋರ್ಡಿಂಗ್ ಶಾಲೆಗೆ ಹೋದ ಕಥೆಯೇ ಮತ್ತೊಂದು ಸರಣಿಯಾಗಿ 2005ರಿಂದ ಮಾರುಕಟ್ಟೆಗೆ ಬಂತು.

ಇದಕ್ಕೆ ಒಂದು ಸಿದ್ಧ ಉತ್ತರವಿದೆ: ಇದು ವಿಡಂಬನೆ, ನಿಮಗೆ ನಗಲು ಬರುವುದಿಲ್ಲ. ಅಮೆರಿಕದ ಹೆಸರಾಂತ ಬರಹಗಾರ್ತಿ ಜಾನೆಟ್ ಮಾಲ್ಕಮ್ 2008ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಈ ಕಾದಂಬರಿಗಳನ್ನು ಮನಸಾರೆ ಮೆಚ್ಚಿ ಬರೆದರು. ಬ್ಲೇರ್‌ಳ ಕೆಟ್ಟತನದಲ್ಲಿರುವ ಹಾಸ್ಯ ಅವರಿಗೆ ಹಿಡಿಸಿತ್ತು. ಮಾಲ್ಕಮ್ ಸಾಮಾನ್ಯ ಓದುಗರಲ್ಲ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಬ್ಲೇರ್ ನಿಜಕ್ಕೂ ಜೀವಂತ ಪಾತ್ರ. ತಂದೆ ಇನ್ನೊಬ್ಬ ಗಂಡಸಿನೊಂದಿಗೆ ಮನೆ ಬಿಟ್ಟು ಹೋಗಿದ್ದಾನೆ, ತಾಯಿ ಹೊಸ ಸಂಬಂಧದ ಸಂಭ್ರಮದಲ್ಲಿದ್ದಾಳೆ, ಹುಡುಗಿ ಒಬ್ಬಂಟಿ. ಆಕೆಯ ಅಹಂಕಾರವನ್ನು ಲೇಖಕಿ ಚಿವುಟುವ ರೀತಿಯೂ ಚುರುಕಾಗಿದೆ.

ಆದರೆ ವಿಡಂಬನೆಗೆ ಒಂದು ಪರೀಕ್ಷೆಯುಂಟು. ನಗೆ ಯಾರ ಮೇಲೆ ಬೀಳುತ್ತದೆ? ಮೇಲಿರುವವರ ಮೇಲೆ ಬಿದ್ದರೆ ವಿಡಂಬನೆ, ಕೆಳಗಿರುವವರ ಮೇಲೆ ಬಿದ್ದರೆ ಬರೀ ಗೇಲಿ. ಜೆನ್ನಿ ಎಂಬ ಪುಟ್ಟ ಹುಡುಗಿಯ ಬಗ್ಗೆ ಪುಸ್ತಕದುದ್ದಕ್ಕೂ ನಡೆಯುವ ತಮಾಷೆ ಯಾವುದು ಗೊತ್ತೇ? ಆಕೆಯ ಎದೆಯ ಗಾತ್ರ. ಆಕೆ ಹೋದಲ್ಲೆಲ್ಲ ಅದೇ ಮಾತು. ಆಕೆಯ ದೇಹವನ್ನು ನೂರಾರು ಪುಟಗಳುದ್ದಕ್ಕೂ ಹಾಸ್ಯದ ಸರಕು ಮಾಡಿದ ಮೇಲೆ, ಆ ದೇಹದ ಮೇಲೆ ಒಬ್ಬ ಕೈ ಹಾಕಿದಾಗ ಓದುಗ ಬೆಚ್ಚಿಬೀಳಲಿ ಎಂದರೆ ಹೇಗೆ ಬಿದ್ದಾನು? ಬ್ಲೇರ್‌ಳನ್ನು ಚಿವುಟುವಾಗ ಲೇಖಕಿಗೆ ಆಕೆಯ ಮೇಲೆ ಪ್ರೀತಿಯಿದೆ. ಜೆನ್ನಿಯ ಪಾಲಿಗೆ ಅಷ್ಟೂ ಇಲ್ಲ.

ಇನ್ನು ಈ ಪುಸ್ತಕವನ್ನು ವಿರೋಧಿಸಿದವರ ಕಡೆ ಬರೋಣ. ವಿರೋಧಿಗಳು ಕಡಿಮೆಯೇನಿರಲಿಲ್ಲ. ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯನ್ನು ಅಮೆರಿಕದ ಗ್ರಂಥಾಲಯ ಸಂಘ ವರ್ಷವರ್ಷವೂ ಪ್ರಕಟಿಸುತ್ತದೆ. 2006ರ ಪಟ್ಟಿಯಲ್ಲೂ 2011ರ ಪಟ್ಟಿಯಲ್ಲೂ ಈ ಸರಣಿ ಇದೆ. ದಾಖಲಾದ ಕಾರಣಗಳನ್ನು ಓದಿದರೆ ಬೆರಗಾಗುತ್ತದೆ: ಲೈಂಗಿಕ ವಿಷಯ, ಸಲಿಂಗಕಾಮ, ಮಾದಕ ವಸ್ತು, ಕೆಟ್ಟ ಭಾಷೆ, ವಯಸ್ಸಿಗೆ ತಕ್ಕುದಲ್ಲ. ಕ್ರೌರ್ಯ ಎಂಬ ಕಾರಣ ಅಲ್ಲಿ ಕಾಣುವುದಿಲ್ಲ. ಹದಿನಾಲ್ಕರ ಬಾಲೆಯ ಮೇಲೆ ನಡೆದ ದೌರ್ಜನ್ಯಕ್ಕೆ ಯಾರೂ ಉತ್ತರಿಸಬೇಕಾಗಿಲ್ಲ ಎಂಬುದು ಆ ಕಾರಣಗಳಲ್ಲಿ ಸೇರಿಲ್ಲ. ಮುತ್ತು ಕೊಟ್ಟದ್ದು ಕಣ್ಣಿಗೆ ಬಿತ್ತು, ಕತ್ತು ಹಿಡಿದದ್ದು ಬೀಳಲಿಲ್ಲ.

ಕಂಪನಿಗಳಿಗೆ ಇಂಥ ವಿರೋಧ ಹಬ್ಬದೂಟ. 2008ರಲ್ಲಿ ಧಾರಾವಾಹಿಯ ಚಾನೆಲ್ ಹೊಸ ಜಾಹೀರಾತು ಮಾಡಿತು. ಪೋಷಕರ ಸಂಘಟನೆಯೊಂದು ಮತ್ತು ಕೆಲವು ಪತ್ರಿಕೆಗಳು ಧಾರಾವಾಹಿಯನ್ನು ಖಂಡಿಸಿ ಆಡಿದ ಅತ್ಯಂತ ಕಟುವಾದ ಮಾತುಗಳನ್ನೇ ದೊಡ್ಡ ಅಕ್ಷರಗಳಲ್ಲಿ ಪೋಸ್ಟರ್ ಮೇಲೆ ಅಚ್ಚು ಹಾಕಿಸಿತು. ಹೆತ್ತವರು ಬೇಡವೆಂದದ್ದೇ ಮಾಲಿನ ಗುಣಮಟ್ಟಕ್ಕೆ ಮುದ್ರೆ! ನಿಷೇಧಿಸಿ, ಕಿತ್ತೆಸೆಯಿರಿ ಎಂದು ಕೂಗಿದವರು ಕಾಸಿಲ್ಲದೆ ಕಂಪನಿಯ ಡಂಗುರ ಸಾರಿದಂತಾಯಿತು. ಸಂಸ್ಕೃತಿಯ ಹೆಸರಿನಲ್ಲಿ ಮಕ್ಕಳ ಕೈಯಿಂದ ಪುಸ್ತಕ ಕಸಿಯುವ ನಮ್ಮವರೂ ಈ ಪೋಸ್ಟರನ್ನು ಒಮ್ಮೆ ನೋಡುವುದು ಒಳ್ಳೆಯದು.

ಸರಿಯಾದ ಜಾಗದಲ್ಲಿ ಬೆರಳಿಟ್ಟವರು ಕೆಲವರಿದ್ದರು. ನವೋಮಿ ವುಲ್ಫ್ 2006ರ ಮಾರ್ಚ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಪುಸ್ತಕ ಪುರವಣಿಯಲ್ಲಿ ಬರೆದ ಲೇಖನ ಅಂಥದ್ದು. (ಆಮೇಲೆ, ಮುಖ್ಯವಾಗಿ ಕೊರೊನಾ ಲಸಿಕೆಯ ವಿಷಯದಲ್ಲಿ ವುಲ್ಫ್ ಹಿಡಿದ ದಾರಿಯನ್ನು ನಾವು ಒಪ್ಪಲಾರೆವು. ಅದರಿಂದ ಈ ಲೇಖನದ ಬೆಲೆ ಕುಂದುವುದಿಲ್ಲ.) ಈ ಪುಸ್ತಕಗಳಲ್ಲಿ ಲೈಂಗಿಕತೆಗಿಂತಲೂ ಆತಂಕ ಹುಟ್ಟಿಸಬೇಕಾದದ್ದು ಅವುಗಳ ಮೌಲ್ಯ ಎಂಬುದು ಅವರ ವಾದ. ಹಿಂದಿನ ಕಥೆಗಳಲ್ಲಿ ಒಣ ಜಂಬದ ಶ್ರೀಮಂತ ಹುಡುಗಿಯನ್ನು ಕಥೆಯೇ ಒಪ್ಪುತ್ತಿರಲಿಲ್ಲ. ಇಲ್ಲಿ ಆಕೆಯೇ ನಾಯಕಿ.

ಮಾತಿಗೆ ‘ಎ ಲಿಟ್ಲ್ ಪ್ರಿನ್ಸೆಸ್’ ತೆಗೆದುಕೊಳ್ಳಿ. ಫ್ರಾನ್ಸಿಸ್ ಹಾಡ್ಗ್‌ಸನ್ ಬರ್ನೆಟ್ 1905ರಲ್ಲಿ ಪ್ರಕಟಿಸಿದ ಕಾದಂಬರಿ. ಭಾರತದಿಂದ ಲಂಡನ್ನಿನ ಶಾಲೆಗೆ ಬಂದ ಸಾರಾ ಕ್ರೂ ಅಲ್ಲಿನ ರಾಜಕುಮಾರಿಯಂತಿರುತ್ತಾಳೆ. ತಂದೆ ಸತ್ತು ಹಣ ಹೋದ ದಿನವೇ ಅದೇ ಶಾಲೆಯ ಕೆಲಸದವಳಾಗಿ ಅಟ್ಟಕ್ಕೆ ತಳ್ಳಲ್ಪಡುತ್ತಾಳೆ. ಪಕ್ಕದ ಕೋಣೆಯಲ್ಲಿ ಅಡುಗೆಮನೆಯ ಆಳು ಬೆಕಿ. ಸಾರಾ ಎಂಥವಳು ಎಂಬುದು ನಮಗೆ ತಿಳಿಯುವುದು ಆಕೆ ಬೆಕಿಯೊಡನೆ ಹೇಗಿದ್ದಳು ಎಂಬುದರಿಂದ. ಅದೇನೂ ಪರಿಪೂರ್ಣ ಪುಸ್ತಕವಲ್ಲ. ಕೊನೆಯಲ್ಲಿ ಸಾರಾಳಿಗೆ ಸಂಪತ್ತು ಮರಳುತ್ತದೆ, ಬೆಕಿ ಆಕೆಯ ಸೇವಕಿಯಾಗಿಯೇ ಉಳಿಯುತ್ತಾಳೆ. ಆದರೂ ನೂರು ವರ್ಷ ಹಿಂದಿನ ಆ ಪುಸ್ತಕಕ್ಕೆ ಬೆಕಿ ಹಸಿದಿದ್ದಾಳೆಂದು ಗೊತ್ತಿತ್ತು.

ಹಾಗಾದರೆ ‘ಗಾಸಿಪ್ ಗರ್ಲ್’ ಯಾಕೆ ಹೀಗಾಯಿತು? ಇದನ್ನು ತಿಳಿಯಲು ಪುಸ್ತಕ ಹುಟ್ಟಿದ ಮನೆಯನ್ನು ನೋಡಬೇಕು. ವಾನ್ ಝೀಗೆಸರ್ ಕೆಲಸ ಮಾಡುತ್ತಿದ್ದುದು ಪುಸ್ತಕಗಳನ್ನು ಯೋಜಿಸಿ, ಬರೆಸಿ, ಪ್ರಕಾಶಕರಿಗೆ ಸಿದ್ಧ ಮಾಲಾಗಿ ಒದಗಿಸುವ ಒಂದು ಸಂಸ್ಥೆಯಲ್ಲಿ. 2000ದಲ್ಲಿ ಅದನ್ನು ಅಲಾಯ್ ಎಂಬ ಕಂಪನಿ ಕೊಂಡಿತು. ಅಲಾಯ್‌ನ ಮೂಲ ಕಸುಬು ಸಾಹಿತ್ಯವಲ್ಲ. ಹದಿಹರೆಯದವರಿಗೆ ಕ್ಯಾಟಲಾಗಿನ ಮೂಲಕ ಬಟ್ಟೆಬರೆ ಮಾರುವುದು, ಹದಿಹರೆಯದವರನ್ನು ತಲುಪುವ ದಾರಿಯನ್ನು ಇತರ ಕಂಪನಿಗಳಿಗೆ ಮಾರುವುದು. ಕಾರ್ಖಾನೆಯಲ್ಲಿ ಪುಸ್ತಕ ತಯಾರಿಸುವುದು ಹೊಸದೇನಲ್ಲ. ನಮ್ಮ ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಓದಿ ಬೆಳೆದ ನ್ಯಾನ್ಸಿ ಡ್ರೂ ಕಥೆಗಳೂ ಹಾಗೆಯೇ ತಯಾರಾದವು. ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಇರಲೇ ಇಲ್ಲ. ಆದರೆ ನ್ಯಾನ್ಸಿ ಡ್ರೂ ಪುಸ್ತಕ ಮಾರಿದ್ದು ಪುಸ್ತಕವನ್ನು ಮಾತ್ರ. ಇಲ್ಲಿ ಪುಟಪುಟಕ್ಕೂ ಚಪ್ಪಲಿಯ ಬ್ರಾಂಡು, ಕೈಚೀಲದ ಬ್ರಾಂಡು, ಅಂಗಡಿಯ ಹೆಸರು. ಯಾರ ಮೈಮೇಲೆ ಯಾವ ಬ್ರಾಂಡು ಎಂಬುದೇ ಯಾರು ಎಷ್ಟು ಜನಪ್ರಿಯ ಎಂಬುದರ ಗುರುತು.

ಕಾದಂಬರಿಗಳಲ್ಲಿ ಗಾಸಿಪ್ ಗರ್ಲ್ ಯಾರೆಂಬುದು ಕೊನೆಗೂ ಬಯಲಾಗುವುದಿಲ್ಲ. ನಮಗೆ ಅದರಲ್ಲಿ ರಹಸ್ಯವೇನೂ ಕಾಣುವುದಿಲ್ಲ. ಎಲ್ಲರ ಬಟ್ಟೆಯ ಬೆಲೆ ಬಲ್ಲವಳು, ಎಲ್ಲರನ್ನೂ ಹೊಟ್ಟೆಕಿಚ್ಚಿಗೆ ಹಚ್ಚುವವಳು, ಯಾರ ನೋವಿಗೂ ಹೊಣೆಯಾಗದವಳು – ಅಂಗಡಿಯವನಲ್ಲದೆ ಮತ್ತಾರು? 2021ರ ಹೊಸ ಧಾರಾವಾಹಿಯಲ್ಲಿ ಗಾಸಿಪ್ ಗರ್ಲ್ ಎಂದು ಬರೆಯುವವರು ಶಾಲೆಯ ಅಧ್ಯಾಪಕರೇ. ದೊಡ್ಡವರೇ ಮಕ್ಕಳ ಗುಟ್ಟು ಹರಾಜು ಹಾಕುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಹತ್ತೊಂಬತ್ತು ವರ್ಷಗಳ ಬಳಿಕ ಅವರೇ ಒಪ್ಪಿಕೊಂಡಂತಾಯಿತು.

ಇದೆಲ್ಲ ದೂರದ ಅಮೆರಿಕದ ಗೋಳು, ನಮಗೇನು ಎನ್ನುವವರಿಗೆ ಇನ್ನೊಂದು ಪುಸ್ತಕದ ಹೆಸರು ಹೇಳಬೇಕಾಗಿದೆ. 2006ರ ಏಪ್ರಿಲ್‌ನಲ್ಲಿ ‘ಓಪಲ್ ಮೆಹ್ತಾ’ ಎಂಬ ಹುಡುಗಿಯ ಕಥೆಯೊಂದು ಹೊರಬಂತು. ಓದಿನಲ್ಲಿ ಮುಂದಿರುವ ಭಾರತೀಯ ಮೂಲದ ಹುಡುಗಿಗೆ ಹಾರ್ವರ್ಡ್‌ನ ಪ್ರವೇಶಾಧಿಕಾರಿ, ನಿನಗೆ ಓದಿನ ಹೊರಗೆ ಬದುಕೇ ಇಲ್ಲವಲ್ಲ ಎನ್ನುತ್ತಾನೆ. ಕೂಡಲೇ ತಂದೆತಾಯಿ ಮಗಳನ್ನು ಜನಪ್ರಿಯಳನ್ನಾಗಿಸಲು ಯೋಜನೆ ಹಾಕುತ್ತಾರೆ! ಬರೆದವಳು ಚೆನ್ನೈಯಲ್ಲಿ ಹುಟ್ಟಿದ, ಆಗಿನ್ನೂ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಹುಡುಗಿ. ಆಕೆಯ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ, ಆ ವರ್ಷ ಬೇಕಾದಷ್ಟು ಬರೆದಾಗಿದೆ. ಕಾಲೇಜು ಪ್ರವೇಶಕ್ಕೆ ಮಕ್ಕಳನ್ನು ಸಜ್ಜುಗೊಳಿಸುವ ಖಾಸಗಿ ಸಲಹಾ ಸಂಸ್ಥೆಯ ಮೂಲಕ ಆಕೆಯ ಬರವಣಿಗೆ ಏಜೆಂಟರ ಕೈ ಸೇರಿತು, ಅಲ್ಲಿಂದ ಕಥೆಗೆ ರೂಪ ಕೊಡಲು ಇದೇ ಅಲಾಯ್ ಬಂತು. ಎರಡು ಪುಸ್ತಕಗಳಿಗೆ ಐದು ಲಕ್ಷ ಡಾಲರ್ ಎಂದು ವರದಿಯಾಯಿತು. ಹಕ್ಕುಸ್ವಾಮ್ಯ ಹುಡುಗಿಗೂ ಅಲಾಯ್‌ಗೂ ಜಂಟಿ.

ಅದೇ ತಿಂಗಳು, ಪುಸ್ತಕದ ಹಲವು ಭಾಗಗಳು ಮೆಗನ್ ಮೆಕ್ಯಾಫರ್ಟಿ ಎಂಬ ಲೇಖಕಿಯ ಕಾದಂಬರಿಗಳಿಂದ ಎತ್ತಿದಂತಿವೆಯೆಂದು ಹಾರ್ವರ್ಡ್‌ನ ವಿದ್ಯಾರ್ಥಿ ಪತ್ರಿಕೆ ಬಯಲು ಮಾಡಿತು. ಮೆಕ್ಯಾಫರ್ಟಿಯ ಪ್ರಕಾಶಕರು ನಲವತ್ತಕ್ಕೂ ಹೆಚ್ಚು ಭಾಗಗಳನ್ನು ತೋರಿಸಿದರು. ಪುಸ್ತಕ ಅಂಗಡಿಗಳಿಂದ ವಾಪಸಾಯಿತು, ಒಪ್ಪಂದ ರದ್ದಾಯಿತು. ಕದ್ದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪತ್ರಿಕೆಗಳ ಮುಖಪುಟದಲ್ಲಿ ಯಾರ ಚಿತ್ರ ಬಂತು? ಹತ್ತೊಂಬತ್ತರ ಹುಡುಗಿಯದು. ಲಾಭದಲ್ಲಿ ಪಾಲಿದ್ದ ಅಲಾಯ್, ಕಥೆಯ ಕಲ್ಪನೆಗಷ್ಟೇ ನೆರವಾದೆವು, ಬರವಣಿಗೆ ನಮ್ಮದಲ್ಲ ಎಂದು ಕೈ ತೊಳೆದುಕೊಂಡಿತು. ಮರುವರ್ಷ ‘ಗಾಸಿಪ್ ಗರ್ಲ್’ ಟಿವಿಗೆ ಬಂತು. 2012ರಲ್ಲಿ ವಾರ್ನರ್ ಬ್ರದರ್ಸ್ ಅಲಾಯ್‌ನ ಮನರಂಜನಾ ವಿಭಾಗವನ್ನು ಕೊಂಡುಕೊಂಡಿತು. ತಮ್ಮ ಕಾದಂಬರಿಯ ನಿಯಮವನ್ನೇ ಅವರು ಹೊರಗೂ ಪಾಲಿಸಿದರು: ಔತಣಕೂಟ ಅವರದು, ಪೆಟ್ಟು ಆಹ್ವಾನಪತ್ರ ಬರೆದುಕೊಟ್ಟ ಹುಡುಗಿಗೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಧಾರಾವಾಹಿ ಮುಗಿಯಿತು. ಮೊದಲ ಕಂತಿನಲ್ಲಿಯೇ ಸೆರೀನಾ ಮತ್ತು ಜೆನ್ನಿ ಇಬ್ಬರ ಮೇಲೂ ಕೈ ಹಾಕಿದ ಚಕ್ ಬಾಸ್ ಆರು ವರ್ಷಗಳಲ್ಲಿ ಕೋಟ್ಯಂತರ ಪ್ರೇಕ್ಷಕರ ಕನಸಿನ ರಾಜಕುಮಾರನಾಗಿ ಬ್ಲೇರ್‌ಳನ್ನು ಮದುವೆಯಾದ. ಟಿವಿಯಲ್ಲಿ ಗಾಸಿಪ್ ಗರ್ಲ್ ಎಂದು ಬರೆಯುತ್ತಿದ್ದವನು ಜೆನ್ನಿಯ ಅಣ್ಣ ಡ್ಯಾನ್ ಎಂದು ಕೊನೆಯ ಕಂತು ಹೇಳಿತು. ಎಲ್ಲರ ಬದುಕನ್ನೂ, ತನ್ನ ತಂಗಿಯ ಬದುಕನ್ನೂ ಚಾಡಿಯಾಗಿ ಮಾರಿದವನಿಗೆ ಸೆರೀನಾಳ ಕೈಹಿಡಿಯುವ ಬಹುಮಾನ. ಇನ್ನು ಜೆನ್ನಿ? 2010ರ ಕಂತೊಂದರಲ್ಲಿ, ಚಕ್‌ನ ವಿಷಯಕ್ಕಾಗಿಯೇ, ಬ್ಲೇರ್ ಆಕೆಗೆ ಮ್ಯಾನ್‌ಹಟನ್ ಬಿಟ್ಟು ತೊಲಗುವಂತೆ ಆಜ್ಞೆ ಮಾಡಿದ್ದಳು. ಕೊನೆಯ ಕಂತಿನಲ್ಲಿ ಆಕೆ ಒಂದು ಗಳಿಗೆ ಮತ್ತೆ ಕಾಣಿಸುತ್ತಾಳೆ. ಈಗ ಬಟ್ಟೆ ವಿನ್ಯಾಸಗಾರ್ತಿ. ಕೈಯಲ್ಲೊಂದು ಚೀಲ, ಅದರ ಮೇಲೆ ತನ್ನ ಹೆಸರಿನ ಒಂದು ಅಕ್ಷರ, ಪಕ್ಕದಲ್ಲಿ ವಾಲ್ಡಾರ್ಫ್ ಎಂಬ ಪೂರ್ತಿ ಹೆಸರು. ಅದು ಬ್ಲೇರ್‌ಳ ಕಂಪನಿ.